ಮೇಜಿನ ಕೆಳಗಿನ ಬ್ಯಾಟರಿ

ನನ್ನ ಕೋಪದ ವಿಷಯ ಮೊದಲೇ ಹೇಳಿಬಿಡುತ್ತೇನೆ. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಪಕ್ಕದ ಸೆಕ್ಷನ್ನಿನ ಮಕ್ಕಳೂ ಬಾಯಿ ಮುಚ್ಚುತ್ತಿದ್ದರು. ನಿವೃತ್ತಿಯಾದ ಮೇಲಾದರೂ ಇವಳ ಕೋಪ ಇಳಿದೀತು ಎಂದು ಮನೆಯವರು ಆಸೆ ಇಟ್ಟುಕೊಂಡಿದ್ದರು, ಪಾಪ. ಇಳಿಯಲಿಲ್ಲ. ಅದರಲ್ಲೂ ಈ ದಸರಾ ರಜೆಯಲ್ಲಿ ಬಂದ ಕೋಪ ಇವತ್ತಿಗೂ ಹಾಗೇ ಇದೆ, ಬರೆದಾದರೂ ಸ್ವಲ್ಪ ಇಳಿಸಿಕೊಳ್ಳೋಣ ಎಂದು ಕೂತಿದ್ದೇನೆ.

ನನಗೊಬ್ಬ ತಮ್ಮನಿದ್ದಾನೆ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಎಸ್ಸೆಸ್ಸೆಲ್ಸಿಗೆ ಟ್ಯೂಷನ್ ಹೇಳಿದವಳೂ ನಾನೇ, ಪೆಟ್ಟು ಕೊಟ್ಟು ಪಾಸು ಮಾಡಿಸಿದವಳೂ ನಾನೇ. ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವನು ಒಂದು ಹಳೇ ವ್ಯಾನ್ ಹಿಡಿದು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ಶುರು ಮಾಡಿದ. ಅವನ ಮನೆ ಅನ್ನಪೂರ್ಣೇಶ್ವರಿ ನಗರದಲ್ಲಿ, ನನ್ನದು ಬಸವೇಶ್ವರನಗರದಲ್ಲಿ. ಬೆಳಿಗ್ಗೆ ಅವನ ಮೊದಲ ನಿಲುಗಡೆ ನಮ್ಮ ಬೀದಿಯೇ. ನಮ್ಮ ಎದುರುಮನೆಯ ಅಕ್ಕತಂಗಿಯರಿಬ್ಬರು ಹತ್ತುತ್ತಾರೆ, ದೊಡ್ಡವಳು ಮೂರನೇ ಕ್ಲಾಸು, ಚಿಕ್ಕವಳು ಯು.ಕೆ.ಜಿ. ಹಿಂದೆ ಕೂತರೆ ದೊಡ್ಡ ಹುಡುಗರು ತಳ್ಳಾಡುತ್ತಾರೆ ಎಂದು ಅವರಿಬ್ಬರನ್ನು ಯಾವಾಗಲೂ ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಳ್ಳುತ್ತಾನೆ. ಆ ವ್ಯಾನಿಗೆ ಮೂತಿಯೇ ಇಲ್ಲ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಸೀಟು ಎತ್ತಿದರೆ ಅದೇ.

ಆಯುಧಪೂಜೆ ಕಳೆದ ಶನಿವಾರ ಮಧ್ಯಾಹ್ನ ಅವನು ಮನೆ ಮುಂದೆ ವ್ಯಾನ್ ನಿಲ್ಲಿಸಿ, "ಅಕ್ಕಾ, ಬಾ ಬಾ, ಒಂದು ಐಟಂ ತೋರಿಸ್ತೀನಿ" ಎಂದು ಕೂಗಿದ. ಬಾಳೆಕಂದು ಇನ್ನೂ ಬಂಪರಿಗೆ ಕಟ್ಟಿಕೊಂಡೇ ಇತ್ತು. ಮುಂದಿನ ಸೀಟು ಎತ್ತಿದ. ಎಂಜಿನ್ ಪಕ್ಕದಲ್ಲಿ ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಜಾಡಿಯನ್ನು ಪಟ್ಟಿ ಹಾಕಿ ಬಿಗಿದಿದ್ದರು. ಒಳಗೆ ನೀರು, ನೀರಿನಲ್ಲಿ ಸ್ಟೀಲ್ ತಗಡುಗಳು, ಮುಚ್ಚಳದಿಂದ ಎರಡು ವೈರು, ಒಂದು ಪಾರದರ್ಶಕ ಪೈಪು. ಪೈಪು ನೇರ ಎಂಜಿನ್ನಿನ ಗಾಳಿ ಕೊಳವೆಗೆ ಹೋಗಿತ್ತು. ಜಾಡಿಗೆ ಅರಿಶಿನ ಕುಂಕುಮ ಇಟ್ಟು ಒಂದು ಸೇವಂತಿಗೆ ಹೂವನ್ನೂ ಸಿಕ್ಕಿಸಿದ್ದ.

"ನೀರಲ್ಲಿ ಓಡತ್ತೆ ಅಕ್ಕ ಇನ್ನು. ಕರೆಂಟು ಕೊಟ್ಟ ತಕ್ಷಣ ನೀರು ಗ್ಯಾಸ್ ಆಗತ್ತೆ, ಗ್ಯಾಸು ಎಂಜಿನ್ನಿಗೆ. ಈಗ ಪೆಟ್ರೋಲ್ ಜೊತೆಗೆ ಅರ್ಧರ್ಧ. ಮುಂದಿನ ಮಾಡೆಲ್ ಬಂದ್ರೆ ಪೂರ್ತಿ ನೀರೇ ಅಂತೆ."

"ಯಾರೋ ಹೇಳಿದ್ದು ನಿಂಗೆ?"

"ನಾಯಂಡಹಳ್ಳೀಲಿ ಒಬ್ರು ಇದಾರೆ. ದೊಡ್ಡ ಸೈಂಟಿಸ್ಟ್ ಥರ. ನಮ್ಮ ಡ್ರೈವರ್‌ಗಳೆಲ್ಲ ಹಾಕಿಸ್ತಾ ಇದಾರೆ. ಮೈಲೇಜ್ ನೋಡಬೇಕು ನೀನು! ಸೈಲೆನ್ಸರಿಂದ ನೀರು ತೊಟ್ಟಿಕ್ಕತ್ತೆ ಗೊತ್ತಾ, ಹೊಗೇನೇ ಇಲ್ಲ."

ನನ್ನ ಕೋಪ ನೆತ್ತಿಗೇರಿತು. ಪೆಟ್ರೋಲ್ ಸುಟ್ಟರೂ ನೀರು ಹುಟ್ಟುತ್ತದೆ, ಬೆಳಿಗ್ಗೆ ಯಾವ ಕಾರಿನ ಹಿಂದೆ ಬಗ್ಗಿ ನೋಡಿದರೂ ಸೈಲೆನ್ಸರ್ ಒದ್ದೆಯಾಗಿರುತ್ತದೆ. ಇದನ್ನು ಇವನಿಗೆ ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ್ದೆ. ಮೈಲೇಜಂತೆ ಮೈಲೇಜು! ಹಾಕಿಸಿದ್ದು ಆಯುಧಪೂಜೆಗೆ, ಅವತ್ತಿನಿಂದ ಊರಿಗೆ ಊರೇ ರಜೆಯಲ್ಲಿದೆ, ರಸ್ತೆ ಖಾಲಿ, ವ್ಯಾನಿನಲ್ಲಿ ಒಂದು ನರಪಿಳ್ಳೆ ಇಲ್ಲ, ಇವನೂ ಹೊಸ ಐಟಂ ಎಂದು ಗುಂಡಿ ತಪ್ಪಿಸಿ ಮೆತ್ತಗೆ ಓಡಿಸಿದ್ದಾನೆ. ಹಾಗೆ ಓಡಿಸಿದರೆ ಜಾಡಿ ಇಲ್ಲದೆಯೂ ಮೈಲೇಜ್ ಬರುತ್ತದೆ ಎಂದೆ. ಅವನು ನಕ್ಕ.

"ಆ ನೀರಿಗೆ ಏನು ಹಾಕಿದಾರೆ?"

"ಏನೋ ಒಂದು ಪೌಡರ್ ಕೊಟ್ಟಿದಾರೆ, ಒಂದು ಸ್ಪೂನ್ ಹಾಕ್ಬೇಕು. ಕೈಗೆ ತಾಗಿಸ್ಕೋಬೇಡಿ ಅಂದ್ರು."

ಕೈಗೆ ತಾಗಬಾರದ ಪೌಡರಂತೆ. ಕಾಸ್ಟಿಕ್. ಚರ್ಮ ಸುಡುವ ಆ ನೀರಿನ ಮೇಲೆ ಹೈಡ್ರೋಜನ್ನೂ ಆಮ್ಲಜನಕವೂ ಒಟ್ಟಿಗೇ ಬೆರೆತು ನಿಂತಿರುತ್ತವೆ, ಪಕ್ಕದಲ್ಲಿ ಬಿಸಿ ಎಂಜಿನ್, ಮೇಲೆ ರೆಕ್ಸಿನ್ ಸೀಟು. ಒಂದು ಕಿಡಿ ಹಿಂದಕ್ಕೆ ಹಾರಿ ಪೈಪಿನೊಳಕ್ಕೆ ಹೋದರೆ ಸಾಕು. ಸೋಮವಾರ ಶಾಲೆ ಶುರು. ಆ ಸೀಟಿನ ಮೇಲೆ ಕೂರುವುದು ಎದುರುಮನೆಯ ಆ ಎರಡು ಮಕ್ಕಳು.

"ಬಿಚ್ಚೋ ಅದನ್ನ. ಈಗಲೇ ಬಿಚ್ಚು."

"ಅಕ್ಕ, ನೀನು ಪುಸ್ತಕದಲ್ಲಿ ಓದಿರೋದು. ಅವ್ರು ಮಾಡಿ ತೋರಿಸ್ತಾರೆ. ನಾಳೆ ಡೆಮೋ ಇದೆ, ಬಾ, ಕಣ್ಣಾರೆ ನೋಡು. ಆಮೇಲೆ ಮಾತಾಡು."

ಬರುತ್ತೇನೆ, ಆದರೆ ನಿನ್ನ ವ್ಯಾನ್ ಮಾತ್ರ ಹತ್ತುವುದಿಲ್ಲ ಎಂದೆ. ಭಾನುವಾರ ಬೆಳಿಗ್ಗೆ ಆಟೋ ಹಿಡಿದು ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತಿದೆ. ಅವನು ವ್ಯಾನಿನಲ್ಲಿ ಹೋದ. ಒಂದೇ ಜಾಗಕ್ಕೆ ಅಕ್ಕ ಒಂದು ದಾರಿ, ತಮ್ಮ ಒಂದು ದಾರಿ. ಕೂರಲು ಸೀಟು ಸಿಕ್ಕರೂ ಕೂರಲಾಗಲಿಲ್ಲ, ಬಾಗಿಲ ಪಕ್ಕ ಕಂಬಿ ಹಿಡಿದು ನಿಂತು ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಪಾಠ ಜೋಡಿಸಿಕೊಂಡೆ. ನೀರು ಎಂದರೆ ಸುಟ್ಟು ಮುಗಿದ ಹೈಡ್ರೋಜನ್, ಒಲೆಯ ಬೂದಿ ಇದ್ದ ಹಾಗೆ. ಅದನ್ನು ಒಡೆಯಬಹುದು, ಸುಳ್ಳಲ್ಲ, ಆದರೆ ಒಡೆಯಲು ಹಾಕಿದ ವಿದ್ಯುತ್ತು ಮತ್ತೆ ಸುಟ್ಟಾಗ ಪೂರ್ತಿ ವಾಪಸು ಬರುವುದೇ ಇಲ್ಲ. ನಿಜವಾದ ಹೈಡ್ರೋಜನ್ ಕಾರುಗಳೂ ಇವೆ, ಅದನ್ನೂ ಹೇಳಬೇಕು. ಅವುಗಳ ಗ್ಯಾಸನ್ನು ದೊಡ್ಡ ಸ್ಥಾವರದಲ್ಲಿ ಮಾಡಿ, ಒತ್ತಿ, ದಪ್ಪ ಸಿಲಿಂಡರಿಗೆ ತುಂಬಿ, ಕಾರಿನಲ್ಲಿ ಅದನ್ನು ಮತ್ತೆ ವಿದ್ಯುತ್ತು ಮಾಡಿಕೊಳ್ಳುತ್ತಾರೆ. ಒಂದೊಂದು ಹೆಜ್ಜೆಯಲ್ಲೂ ಒಂದಿಷ್ಟು ಸೋರಿ ಹೋಗುತ್ತದೆ. ಬಿಸಿಲಿನಿಂದ ಬಂದ ವಿದ್ಯುತ್ತು ಬೇಕಾದಷ್ಟು ಮಿಕ್ಕಿದ್ದರೆ, ಭಾರದ ಲಾರಿಗೋ ಕಾರ್ಖಾನೆಗೋ ಅದು ಸರಿ ಬರಬಹುದು. ಜಾಡಿ ಇಟ್ಟುಕೊಂಡು ದಾರಿಯಲ್ಲೇ ನೀರು ಒಡೆದುಕೊಂಡು ಓಡುವ ಕಾರು ಮಾತ್ರ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಇಷ್ಟು ಜೋಡಿಸಿಕೊಳ್ಳುವ ಹೊತ್ತಿಗೆ ನಾಯಂಡಹಳ್ಳಿ ಬಂತು.

ಗೋಡೌನುಗಳ ಸಾಲಿನ ಹಿಂದೆ ಒಂದು ಶೀಟ್ ಛಾವಣಿಯ ವರ್ಕ್‌ಶಾಪು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಆಟೋದವರು, ಕ್ಯಾಬಿನವರು, ಟೆಂಪೋದವರು. ನನ್ನ ತಮ್ಮ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಿಡಿದಿಟ್ಟಿದ್ದ. ಎದುರಿಗೆ ಒಂದು ಮೇಜು, ಮೇಜಿನ ಮೇಲೆ ಗಾಜಿನ ಜಾಡಿ, ಒಂದು ಬಟ್ಟಲಿನಲ್ಲಿ ಸೋಪಿನ ನೀರು. ಮೇಜಿಗೆ ಹಸಿರು ಬಟ್ಟೆ ಹೊದಿಸಿದ್ದರು. ಬಟ್ಟೆ ನೆಲದವರೆಗೂ ಇತ್ತು, ಗುಂಡುಸೂಜಿ ಹಾಕಿ ಮೂಲೆಗಳನ್ನು ಮಡಿಸಿದ್ದರು. ನನ್ನ ಕಣ್ಣು ಮತ್ತೆ ಮತ್ತೆ ಅದರ ಮೇಲೇ ಹೋಗುತ್ತಿತ್ತು, ಯಾಕೆ ಎಂದು ಆಗ ಗೊತ್ತಾಗಲಿಲ್ಲ.

ಮೂವತ್ತೈದರ ಆಸುಪಾಸಿನ ಒಬ್ಬ ಬಂದ, ಇಸ್ತ್ರಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಜಾಡಿಯಲ್ಲಿ ಗುಳ್ಳೆ ಏಳತೊಡಗಿತು. ಗುಳ್ಳೆ ಪೈಪಿನಲ್ಲಿ ಬಂದು ಸೋಪಿನ ನೀರಿನಲ್ಲಿ ನೊರೆಯಾಯಿತು. ಒಲೆ ಹಚ್ಚುವ ಲೈಟರನ್ನು ನೊರೆಗೆ ತಾಗಿಸಿದ. ಟಪ್ ಎಂದು ಸಿಡಿಯಿತು. ಕುರ್ಚಿಗಳೆಲ್ಲ ಬೆಚ್ಚಿಬಿದ್ದು ಆಮೇಲೆ ಚಪ್ಪಾಳೆ ಹೊಡೆದವು.

"ಏನಿದು ಹೇಳಿ? ಬರೀ ನೀರು ಸಾರ್! ಬರೀ ನೀರು!" ಎಂದವನು ಕಣ್ಣು ಹಾಯಿಸುತ್ತಾ ನನ್ನ ಮೇಲೆ ನಿಲ್ಲಿಸಿದ. "ಮಿಸ್?" ಎಂದ. ಬಂದವನೇ ಎಲ್ಲರ ಎದುರು ನನ್ನ ಕಾಲಿಗೆ ಬಿದ್ದ. ಎದ್ದು ಜನರ ಕಡೆ ತಿರುಗಿದ. "ಅಣ್ಣ, ಇವ್ರು ನಮ್ಮ ಸೈನ್ಸ್ ಮಿಸ್. ಈ ಎಕ್ಸ್‌ಪೆರಿಮೆಂಟ್ ನನಗೆ ಹೇಳಿಕೊಟ್ಟಿದ್ದೇ ಇವ್ರು. ಇವರಿಂದಾನೇ ಇವತ್ತು ಇದೆಲ್ಲ!" ಮತ್ತೆ ಚಪ್ಪಾಳೆ. ನನ್ನ ತಮ್ಮ ನನಗಿಂತ ಹೆಚ್ಚು ಹಿಗ್ಗಿ ಅತ್ತಿತ್ತ ನೋಡುತ್ತಿದ್ದ.

ಮುಖ ನೆನಪಾಯಿತು. ಒಂಬತ್ತನೇ ಕ್ಲಾಸು, ಎರಡನೇ ಬೆಂಚು, ಚುರುಕು ಹುಡುಗ. ಆ ವರ್ಷದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಹೋದ ಮಾದರಿ ಇವನದೇ. ಹಳೇ ಟಾರ್ಚ್ ಸೆಲ್ಲಿನ ಕಪ್ಪು ಕಡ್ಡಿಗಳು, ಎರಡು ಪ್ರನಾಳ, ನೀರನ್ನು ಒಡೆದು ಟಪ್ ಎನ್ನಿಸುವುದು. ಮೈಯೆಲ್ಲ ಉರಿಯಿತು. ಎದ್ದೆ. ಯಾರಿಗೂ ಒಂದು ಮಾತು ಹೇಳದೆ ಮೇಜಿನ ಹತ್ತಿರ ಹೋಗಿ ಹಸಿರು ಬಟ್ಟೆಯನ್ನು ಎಳೆದು ಮೇಲೆತ್ತಿದೆ. ಕೆಳಗೆ ಲಾರಿಯ ದೊಡ್ಡ ಬ್ಯಾಟರಿ ಕೂತಿತ್ತು. ಕೆಂಪು ಕ್ಲಿಪ್ಪು ಕಿತ್ತೆ. ಗುಳ್ಳೆ ನಿಂತಿತು.

"ನೋಡಿದ್ರಾ? ಶಕ್ತಿ ಕೊಡ್ತಾ ಇರೋದು ಇದು, ನೀರಲ್ಲ. ನೀರು ಬರೀ ಬೂದಿ."

ಹಿಂದಿನ ಸಾಲಿನಿಂದ ಒಬ್ಬ ಕ್ಯಾಬಿನವನು, "ಆಂಟಿ, ಗಾಡೀಲಿ ಬ್ಯಾಟರಿ ಖಾಲೀನೇ ಆಗಲ್ವಲ್ಲ. ಎಂಜಿನ್ ಓಡ್ತಿದ್ರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಾನೇ ಇರತ್ತೆ" ಎಂದ.

"ಆಲ್ಟರ್ನೇಟರ್ ತಿರುಗಿಸೋದು ಯಾವುದಪ್ಪ?"

"ಎಂಜಿನ್ನು."

"ಎಂಜಿನ್ ತಿರುಗಿಸೋದು?"

"ಪೆಟ್ರೋಲು... ಪ್ಲಸ್ ಈ ಗ್ಯಾಸು."

"ಈ ಗ್ಯಾಸು ಮಾಡಿದ್ದು ಯಾವುದು?"

ಪಕ್ಕದವನು ಅವನ ಭುಜ ತಟ್ಟಿ, "ಮಚ್ಚಾ, ಸುತ್ತು ಹೊಡೆದು ಪೆಟ್ರೋಲಿಗೇ ಬಂತಲ್ಲೋ" ಎಂದು ನಕ್ಕ. ನಾಲ್ಕೈದು ಜನ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಆ ಹಳೇ ಶಿಷ್ಯ ಮೆತ್ತಗೆ ನಗುತ್ತಾ ನನ್ನ ಕೈಯಿಂದ ಕ್ಲಿಪ್ಪು ತೆಗೆದುಕೊಂಡು, "ನಮ್ಮ ಮಿಸ್ ಕಾಲದ್ದು ಹಳೇ ಸಿಲಬಸ್ಸು ಅಣ್ಣ. ಈಗ ಟೆಕ್ನಾಲಜಿ ಮುಂದೆ ಹೋಗಿದೆ" ಎಂದ. ಎಲ್ಲರೂ ಹೋ ಎಂದು ನಕ್ಕರು. ಮುಂದೆ ಬಗ್ಗಿದವರೂ ನಕ್ಕು ಹಿಂದಕ್ಕೆ ಒರಗಿದರು. ಥೂ, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮೂವತ್ತೊಂದು ವರ್ಷದಲ್ಲಿ ಒಬ್ಬೇ ಒಬ್ಬ ವಿದ್ಯಾರ್ಥಿ ನನ್ನ ಎದುರು ಹಾಗೆ ನಕ್ಕಿರಲಿಲ್ಲ.

ಡೆಮೋ ಮುಗಿದ ಮೇಲೆ ಅವನು ನನಗೆ ಕಾಫಿ ತರಿಸಿ ಬಾಗಿಲ ಹೊರಗೆ ಕರೆದುಕೊಂಡು ಬಂದ. ಕಾಫಿ ಮುಟ್ಟಲಿಲ್ಲ. "ನಾಚಿಕೆ ಆಗಲ್ವೇನೋ? ಬ್ಯಾಟರಿ ಮುಚ್ಚಿಟ್ಟು ಜನರಿಗೆ ನೀರು ತೋರಿಸ್ತೀಯ?" ಎಂದೆ.

ಅವನಿಗೆ ಬೇಜಾರೂ ಆಗಲಿಲ್ಲ, ಕೋಪವೂ ಬರಲಿಲ್ಲ. "ಮಿಸ್, ನೀವೇ ತಾನೇ ಕೆಳಗಿಡು ಅಂದಿದ್ದು? ವೈರು ಕಾಣಬಾರದು, ಬ್ಯಾಟರಿ ಕಂಡ್ರೆ ಜನ ನೀರು ನೋಡಲ್ಲ ಅಂತ. ನಂಗೆ ಚೆನ್ನಾಗಿ ನೆನಪಿದೆ."

ನನಗೂ ನೆನಪಾಯಿತು. ವಸ್ತುಪ್ರದರ್ಶನ ಎಂದರೆ ನಮ್ಮಲ್ಲಿ ಹಾಗೇ ಇತ್ತು. ಥರ್ಮೋಕೋಲು, ಚಾರ್ಟು, ಬಣ್ಣದ ಕಾಗದ. ಮೇಜು ಚೊಕ್ಕಟವಾಗಿಲ್ಲದಿದ್ದರೆ ತೀರ್ಪುಗಾರರು ಅಂಕ ಕಳೆಯುತ್ತಿದ್ದರು, ಇನ್ಸ್‌ಪೆಕ್ಷನ್‌ಗೆ ಬಂದವರು ವೈರು ನೇತಾಡುವುದನ್ನು ನೋಡಿದರೆ ಮುಖ ಸಿಂಡರಿಸುತ್ತಿದ್ದರು. ಅದಕ್ಕೆಂದೇ ಹಸಿರು ಬಟ್ಟೆ ತಂದು ನಾನೇ ಮನೆಯಲ್ಲಿ ಅಂಚು ಹೊಲಿದಿದ್ದೆ, ನೆಲ ಮುಟ್ಟುವಷ್ಟು ಉದ್ದಕ್ಕೆ. ಇವನ ಬ್ಯಾಟರಿಯನ್ನು ನಾನೇ ಕಾಲಿನಿಂದ ಒಳಕ್ಕೆ ತಳ್ಳಿ ಬಟ್ಟೆ ಸರಿ ಮಾಡಿದ್ದೆ. ಇವನಿಗೆ ಮೊದಲ ಬಹುಮಾನ ಬಂತು. ಆ ಬಟ್ಟೆ ಅಲ್ಲಿಂದ ನನ್ನ ಕ್ಲಾಸಿಗೂ ಬಂತು, ಪ್ರತಿ ವರ್ಷ ಆ ಪಾಠಕ್ಕೆ ಅದನ್ನೇ ಹಾಸುತ್ತಿದ್ದೆ. ಗುಳ್ಳೆ ಏಳುವುದು, ಟಪ್ ಎನ್ನುವುದು, ಮಕ್ಕಳು ಚಪ್ಪಾಳೆ ಹೊಡೆಯುವುದು, ಗಂಟೆ ಬಾರಿಸುವುದು. ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ಯಾವ ಪ್ರನಾಳದಲ್ಲಿ ಯಾವ ಅನಿಲ ಎಂದು ಅಷ್ಟೇ.

ಇಷ್ಟೆಲ್ಲ ನೆನಪಾಗಿಯೂ ನಾನು ಅದನ್ನು ಅವನ ಎದುರು ಒಪ್ಪಿಕೊಳ್ಳಲಿಲ್ಲ. ಕೋಪದಲ್ಲಿದ್ದೆ. "ನಿನ್ನ ಗಾಡೀಗೆ ಹಾಕಿದೀಯೇನೋ ಇದನ್ನ?" ಎಂದೆ.

ಅವನು ಮೊದಲ ಸಲ ತಡವರಿಸಿದ. ವರ್ಕ್‌ಶಾಪಿನ ಪಕ್ಕದಲ್ಲಿ ನಿಂತಿದ್ದ ಬಿಳಿ ಕಾರಿನ ಕಡೆ ಅವನ ಕಣ್ಣು ಹೋಯಿತು, ನನ್ನದೂ ಹೋಯಿತು. ನಂಬರ್ ಪ್ಲೇಟು ಹಸಿರು. ಬ್ಯಾಟರಿ ಕಾರು.

"ಅದಕ್ಕೆ ಬೇಕಾಗಲ್ಲ ಮಿಸ್. ಅದು ಎಲೆಕ್ಟ್ರಿಕ್."

"ಹೌದಪ್ಪ, ಬೇಕಾಗಲ್ಲ. ಬ್ಯಾಟರಿ ನಿಂಗೆ, ನೀರು ಇವರಿಗೆ." "ನಿಂಗೆ ಎಲ್ಲಾ ಗೊತ್ತು ಕಣೋ. ದಡ್ಡ ಆಗಿದ್ರೆ ಕ್ಷಮಿಸ್ತಿದ್ದೆ."

ಮೆಟ್ರೋ ಸ್ಟೇಷನ್ನಿನವರೆಗೆ ತಮ್ಮ ಪಕ್ಕದಲ್ಲಿ ನಡೆದು ಬಂದ. ಹಸಿರು ಪ್ಲೇಟಿನ ವಿಷಯ ಹೇಳಿದರೆ, "ದುಡ್ಡಿದೆ, ಎರಡು ಇಟ್ಕೊಂಡಿರ್ತಾರೆ ಬಿಡು" ಎಂದ. "ಅಲ್ಲ ಅಕ್ಕ, ಅಷ್ಟು ಜನರ ಮುಂದೆ ಹಾಗಾ ಮಾಡೋದು? ನಾಳೆಯಿಂದ ಸ್ಟ್ಯಾಂಡಲ್ಲಿ ನನ್ನ ಮುಖ ಹೆಂಗೆ ತೋರಿಸ್ಲಿ? ಇಷ್ಟು ಜನ ಹಾಕಿಸ್ಕೊಂಡಿದಾರೆ, ಎಲ್ಲರೂ ಪೆದ್ದರಾ?" ಮಕ್ಕಳಿದ್ದಾರೆ ಕಣೋ ಎಂದೆ. "ಸೇಫು ಅಂತ ಅವ್ರು ಹೇಳಿದಾರೆ. ಬಿಚ್ಚಲ್ಲ" ಎಂದು ತಿರುಗಿ ಹೊರಟೇಹೋದ.

ಮನೆಗೆ ಬಂದು ಎದುರುಮನೆಯ ಗೇಟನ್ನೇ ನೋಡುತ್ತಾ ಕೂತೆ. ಹೋಗಿ ಅವರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಆ ಒಂದು ಮಾತು ತಂದೆತಾಯಂದಿರ ವಾಟ್ಸ್ಯಾಪ್ ಗುಂಪಿಗೆ ಹೋದರೆ ಸಂಜೆಯೊಳಗೆ ಅವನ ವ್ಯಾನ್ ಖಾಲಿ. ಐವತ್ತು ದಾಟಿದವನಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಹೇಳದಿದ್ದರೆ ಆ ಮಕ್ಕಳು. ಎರಡೂ ನನ್ನದೇ ತಲೆಗೆ ಬಂದು ಕೂತಿದ್ದಕ್ಕೆ ಇನ್ನೂ ಸಿಟ್ಟು ಬಂತು. ಬೆಳಿಗ್ಗೆಯವರೆಗೆ ಕಾಯೋಣ, ಅಷ್ಟರಲ್ಲೂ ಬಿಚ್ಚದಿದ್ದರೆ ನಾನೇ ಗೇಟು ತಟ್ಟುವುದು ಎಂದು ತೀರ್ಮಾನಿಸಿದೆ.

ಸೋಮವಾರ ಏಳೂಕಾಲಿಗೆ ವ್ಯಾನ್ ಬಂತು. ಎದುರುಮನೆಯ ಮಕ್ಕಳು ಬ್ಯಾಗು ಹೊತ್ತು ಗೇಟಿನಲ್ಲಿ ನಿಂತಿದ್ದರು. ಅವರು ಹೆಜ್ಜೆ ಇಡುವ ಮೊದಲೇ ನಾನು ಸೀರೆ ನೆರಿಗೆ ಎತ್ತಿ ಹಿಡಿದು ಹೋಗಿ ಮುಂದಿನ ಬಾಗಿಲು ತೆಗೆದು ಆ ಸೀಟಿನ ಮೇಲೆ ಕೂತುಬಿಟ್ಟೆ. ಕೆಳಗೆ ಎಂಜಿನ್ ಗುರುಗುಟ್ಟುವುದು ನನ್ನ ಸೊಂಟಕ್ಕೆ ಗೊತ್ತಾಗುತ್ತಿತ್ತು.

"ಅಕ್ಕ, ಏನಿದು?"

"ಓಡಿಸು. ಮಕ್ಕಳು ಹಿಂದೆ ಬೇಡ, ಎಲ್ಲೂ ಬೇಡ. ಮೊದಲು ನನ್ನ ಒಬ್ಬಳನ್ನ ಕೂರಿಸ್ಕೊಂಡು ಸುಂಕದಕಟ್ಟೆವರೆಗೂ ಹೋಗಿ ಬಾ. ಮಾಗಡಿ ರೋಡ್ ಟ್ರಾಫಿಕ್ಕಲ್ಲಿ ಎಂಜಿನ್ ಚೆನ್ನಾಗಿ ಕಾಯಲಿ."

"ಟೈಮಿಲ್ಲ, ಇಳಿ."

"ಸೇಫು ಅಂದ್ಯಲ್ಲ? ಓಡಿಸೋ."

ಅವನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತ. ಗೇರಿನ ಮೇಲೆ ಕೈ ಇಟ್ಟ, ತೆಗೆದ. ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ.

"ಇಳಿ ಅಕ್ಕ," ಎಂದ. ಈ ಸಲ ಧ್ವನಿ ಬೇರೆಯಾಗಿತ್ತು. "ನೀನು ಅಲ್ಲಿ ಕೂತ್ರೆ ನನಗೆ ಓಡಿಸೋಕಾಗಲ್ಲ."

"ಅವ್ರ ಮಕ್ಕಳು ಕೂತ್ರೆ ಆಗತ್ತಾ?"

ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದ. ನನ್ನ ಮುಖ ನೋಡಲಿಲ್ಲ. ಇಳಿದು ಬಂದು ಸ್ಪ್ಯಾನರ್ ಹುಡುಕಿದ. ನಾನು ಇಳಿದ ಮೇಲೆ ಸೀಟು ಎತ್ತಿ, ಪಟ್ಟಿ ಸಡಿಲಿಸಿ, ಪೈಪು ಕಿತ್ತು, ಜಾಡಿಯನ್ನು ವೈರುಗಳ ಸಮೇತ ವ್ಯಾನಿನ ಅಂಚಿಗೆ ತಂದಿಟ್ಟ. ಮುಚ್ಚಳ ಬಿಚ್ಚಿ ಗಾಳಿಗೆ ಬಿಡು ಎಂದೆ. ಬಿಚ್ಚಿದ. ವೈರು ಇನ್ನೂ ಸೀಟಿನ ಕೆಳಗಿನ ಬ್ಯಾಟರಿಗೆ ಇದ್ದದ್ದರಿಂದ ಗುಳ್ಳೆ ಏಳುತ್ತಲೇ ಇತ್ತು.

ದೊಡ್ಡ ಹುಡುಗಿ ಗೇಟಿನಿಂದ ಬಗ್ಗಿ, "ಅಜ್ಜಿ, ಏನದು ಗುಳ್ಳೆ?" ಎಂದಳು.

"ಹತ್ರ ಬರಬೇಡ, ಅಲ್ಲೇ ನಿಂತ್ಕೋ. ಗುಳ್ಳೆ ಯಾತರಿಂದ ಬರ್ತಿದೆ ಹೇಳು?"

"ನೀರಿಂದ."

ಮೂವತ್ತೊಂದು ವರ್ಷ ಎಲ್ಲ ಮಕ್ಕಳೂ ಕೊಡುತ್ತಿದ್ದ ಉತ್ತರ ಅದೇ, ಅದಕ್ಕೇ ನಾನು ಗುಡ್ ಎನ್ನುತ್ತಿದ್ದೆ. ಜಾಡಿಯಿಂದ ಆದಷ್ಟು ದೂರದಲ್ಲಿ ಕೆಂಪು ವೈರು ಹಿಡಿದು ಎಳೆದೆ. ಗುಳ್ಳೆ ನಿಂತಿತು. ಮತ್ತೆ ತಾಗಿಸಿದೆ, ಎದ್ದಿತು. ಮತ್ತೆ ಎಳೆದೆ, ನಿಂತಿತು.

ಅವಳು ವೈರಿನ ಜಾಡು ಹಿಡಿದು ಕಣ್ಣಿನಲ್ಲೇ ಬ್ಯಾಟರಿಯವರೆಗೂ ಹೋದಳು. "ಅಲ್ಲ ಅಜ್ಜಿ, ಅದರಿಂದ" ಎಂದು ಬೆರಳು ತೋರಿಸಿದಳು. ಹತ್ತು ಸೆಕೆಂಡೂ ಹಿಡಿದಿರಲಿಲ್ಲ.

ತಮ್ಮ ಸ್ಪ್ಯಾನರ್ ಹಿಡಿದು ಅಲ್ಲೇ ಬಗ್ಗಿ ನಿಂತಿದ್ದ. ಜಾಡಿಯನ್ನೂ ನನ್ನ ಕೈಯಲ್ಲಿದ್ದ ವೈರನ್ನೂ ನೋಡಿದ. "ನನಗೂ ಈ ಪಾಠ ಮಾಡಿದ್ದು ನೀನೇ ಅಲ್ವಾ ಅಕ್ಕ," ಎಂದ. "ಗುಳ್ಳೆ ನೆನಪಿದೆ, ಟಪ್ ಅಂದಿದ್ದೂ ನೆನಪಿದೆ. ಹಿಂಗೆ ವೈರ್ ಕಿತ್ತು ತೋರಿಸಿದ್ದು ಮಾತ್ರ ನೆನಪೇ ಇಲ್ಲ ನೋಡು."

"ತೋರಿಸೇ ಇರಲಿಲ್ಲ ಕಣೋ," ಎಂದೆ.